ಭಾಗಮ್ಮತ್ತಿಯ ಶುಕ್ರವಾರಗಳು

ಹಳೆಯ ಪುಸ್ತಕದ ವಾಸನೆ ಇಷ್ಟವೆನ್ನುವವರನ್ನು ನಾನು ಬಹಳ ಮಂದಿ ಕಂಡಿದ್ದೇನೆ. ಕಪಾಟಿನಿಂದ ಒಂದನ್ನು ತೆಗೆದು, ನಡುವಿನ ಪುಟಕ್ಕೆ ಮೂಗು ಹಚ್ಚಿ, ಕಣ್ಣು ಮುಚ್ಚಿ ಸುಖಪಡುತ್ತಾರೆ. ನಾನೂ ಓದುವುದನ್ನು ಬಿಟ್ಟು ಬದುಕಿದವಳಲ್ಲ. ಮಧ್ಯಾಹ್ನ ಊಟವಾದ ಮೇಲೆ ಒಂದು ತಾಸು ಓದದಿದ್ದರೆ ಆ ದಿನ ಏನನ್ನೋ ಮರೆತು ಬಂದ ಹಾಗೆ ಇರುತ್ತದೆ. ಆದರೆ ತೇವ ಹಿಡಿದು ಒಣಗಿದ ಕಾಗದದ ಆ ಹುಳಿ ವಾಸನೆ ಬಂತೆಂದರೆ ಇಂದಿಗೂ ನನ್ನ ಅಂಗೈ ಬೆವರುತ್ತದೆ. ಪುಸ್ತಕ ಕೆಳಗಿಟ್ಟು ಎದ್ದು ಕಿಟಕಿ ತೆಗೆಯುತ್ತೇನೆ. ಮನೆಯಲ್ಲಿ ಯಾರು ಎಲ್ಲಿದ್ದಾರೆ ಎಂದು ಒಬ್ಬೊಬ್ಬರನ್ನೇ ಹೆಸರು ಹಿಡಿದು ಕೂಗುತ್ತೇನೆ. ಎಲ್ಲರೂ ಓಗೊಟ್ಟ ಮೇಲೆಯೇ ಮತ್ತೆ ಕೂಡುವುದು. ಮೊಮ್ಮಕ್ಕಳಿಗೆ ಇದೊಂದು ನಗೆಯ ಮಾತು. ಅವರಿಗೆ ನಾನು ಕಾರಣ ಹೇಳಿಲ್ಲ. ನಿಮ್ಮಲ್ಲಿಯೂ ಕೆಲವರಿಗೆ, ಈಗ ಇಲ್ಲದ ಒಂದು ಮನೆಯ ಭಯ ಇನ್ನೂ ಮೈಯಲ್ಲಿ ಉಳಿದಿರಬಹುದು. ಅಂಥವರಿಗೆ ಹೇಳುತ್ತೇನೆ.

ನಮ್ಮ ಮನೆ ಚಿತ್ತಾಪುರದಲ್ಲಿತ್ತು. ಗೋಡೆ, ನೆಲ, ಮಾಳಿಗೆ ಎಲ್ಲವೂ ಶಹಾಬಾದ ಕಡೆಯ ಹಾಸುಗಲ್ಲಿನವು. ಬೇಸಿಗೆಯಲ್ಲಿ ಊಟದ ನಂತರ ಪಡಸಾಲೆಯ ನೆಲಕ್ಕೆ ನೀರು ಚಿಮುಕಿಸಿದರೆ ಕಲ್ಲಿನಿಂದ ಮಣ್ಣಿನದಲ್ಲದ, ನೀರಿನದೂ ಅಲ್ಲದ ಒಂದು ತಂಪು ವಾಸನೆ ಏಳುತ್ತಿತ್ತು. ಆ ಒದ್ದೆ ಕಲ್ಲಿನ ಮೇಲೆ ಕೆನ್ನೆ ಇಟ್ಟು ಮಲಗುವುದು ನನ್ನ ಅಭ್ಯಾಸ. ಅಪ್ಪ ಚನ್ನಬಸಪ್ಪ ನಿಜಾಮರ ಕಾಲದ ಕಚೇರಿಯೊಂದರಲ್ಲಿ ಕಾರಕೂನನಾಗಿದ್ದ. ಅವನು ಕಲಿತಿದ್ದೆಲ್ಲ ಉರ್ದುವಿನಲ್ಲಿ. ಲಿಂಗಪೂಜೆಯ ಹೊತ್ತಿಗೆ ಬಾಯಿಪಾಠ ಮಾಡಿದ್ದ ವಚನಗಳನ್ನು ತಡೆಯಿಲ್ಲದೆ ಹೇಳುತ್ತಿದ್ದ. ಆದರೆ ಅವೇ ವಚನಗಳನ್ನು ಕನ್ನಡ ಅಕ್ಷರದಲ್ಲಿ ಎದುರಿಗೆ ಹಿಡಿದರೆ ಓದಲಿಕ್ಕೆ ಕಷ್ಟಪಡುತ್ತಿದ್ದ. ಮನೆಯಲ್ಲಿ ಅವನ ಜೊತೆಗೆ ಅವ್ವ, ನಾನು, ಮತ್ತು ಅಪ್ಪನ ಅಕ್ಕ ಭಾಗಮ್ಮತ್ತಿ. ಅತ್ತಿ ಹದಿನಾರಕ್ಕೆ ಗಂಡನನ್ನು ಕಳೆದುಕೊಂಡವಳು. ಚಿಂಚೋಳಿ ತಾಲ್ಲೂಕಿನ ಐನಾಪುರದಲ್ಲಿ, ಗಂಡನ ಮನೆಯ ಹಿತ್ತಲ ಕೋಣೆಯಲ್ಲಿ, ಎರಡು ವರ್ಷ ಯಾರ ಜೊತೆಗೂ ಮಾತಿಲ್ಲದೆ ಇದ್ದಳಂತೆ. ಆಗಿನ್ನೂ ಮೀಸೆ ಮೂಡದ ಅಪ್ಪ ಒಬ್ಬನೇ ಚಕ್ಕಡಿ ಹೊಡೆದುಕೊಂಡು ಹೋಗಿ, ಅವರ ಬೈಗುಳವನ್ನೆಲ್ಲ ಕೇಳಿಸಿಕೊಂಡು, ಅಕ್ಕನನ್ನು ಕೂಡಿಸಿಕೊಂಡು ಬಂದಿದ್ದ. ಇದನ್ನು ಅಪ್ಪ ಎಂದೂ ಹೇಳಲಿಲ್ಲ. ಅತ್ತಿ ವರ್ಷಕ್ಕೊಮ್ಮೆಯಾದರೂ ಹೇಳುತ್ತಿದ್ದಳು.

ಆಗ ಕಚೇರಿಗೆ ಸೂಟಿ ಶುಕ್ರವಾರ. ಆ ಮಧ್ಯಾಹ್ನ ಅಪ್ಪ ಎಲೆ ಹಾಕಿಕೊಂಡು, ಧೋತರದ ಚುಂಗಿನಿಂದ ಕನ್ನಡಕ ಒರೆಸಿ, ಕಂಬಕ್ಕೆ ಒರಗಿ ಕೂತು ಉರ್ದು ಕಾದಂಬರಿ ತೆಗೆಯುತ್ತಿದ್ದ. ಬೆರಳು ಬಲದಿಂದ ಎಡಕ್ಕೆ ಸರಿಯುತ್ತಿತ್ತು. ಒಂದು ವಾಕ್ಯವನ್ನು ತುಟಿಯಲ್ಲೇ ಓದಿಕೊಂಡು, ಸ್ವಲ್ಪ ತಡೆದು, ಅದನ್ನು ನಮ್ಮ ಕನ್ನಡದಲ್ಲಿ ಹೇಳುತ್ತಿದ್ದ. ಅತ್ತಿ ಎದುರಿಗೆ ಕೂತು ದೀಪದ ಬತ್ತಿ ಹೊಸೆಯುತ್ತಿದ್ದಳು, ಅವ್ವ ಮೊರದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ಅಪ್ಪನಿಗೆ ನಾವೆಲ್ಲ ಅಂಜುತ್ತಿದ್ದೆವು. ಅವನು ಕೆಮ್ಮಿದರೆ ನನ್ನ ಆಟ ನಿಲ್ಲುತ್ತಿತ್ತು. ಆ ಹೊತ್ತಿನಲ್ಲಿ ಅವನನ್ನು ತಡೆಯುವ ಧೈರ್ಯ ಅತ್ತಿಯೊಬ್ಬಳಿಗೇ ಇತ್ತು. "ತಡಿಯೋ ತಮ್ಮಾ. ಆಕಿ ಯಾಕ ಸುಮ್ಮ ಕುಂತಳು, ಅದನ್ನ ಹೇಳಿ ಮುಂದ ಹೋಗು," ಎನ್ನುತ್ತಿದ್ದಳು. ಅಪ್ಪ ಗದರದೆ ಪುಟ ಹಿಂದೆ ತಿರುವಿ ಹೇಳುತ್ತಿದ್ದ. ವಾರದಲ್ಲಿ ಆ ಒಂದು ತಾಸು ನನಗೆ ಅಪ್ಪನ ಅಂಜಿಕೆ ಇರುತ್ತಿರಲಿಲ್ಲ.

ಪುಸ್ತಕಗಳು ಖಾದರ್ ಸಾಹೇಬರವು. ಅಪ್ಪನ ಕಚೇರಿಯವರೇ, ಪಕ್ಕದ ಓಣಿಯವರು. ಒಂದು ತಗಡಿನ ಟ್ರಂಕಿನ ತುಂಬ ಅವರಲ್ಲಿ ಪುಸ್ತಕಗಳಿದ್ದವು. ಒಂದು ಮುಗಿದರೆ ಇನ್ನೊಂದನ್ನು ಅಂಗವಸ್ತ್ರದಲ್ಲಿ ಸುತ್ತಿ ತಂದು ಕೊಡುತ್ತಿದ್ದರು. ನಾನು ಹೇಳುತ್ತಿರುವ ವರ್ಷ ನಡೆದಿದ್ದ ಕಥೆ ಒಬ್ಬ ತಂಗಿಯದು. ಅವಳ ಅಣ್ಣನನ್ನು ಯಾರೋ ಕೋಟೆಯಲ್ಲಿ ಸೆರೆ ಇಟ್ಟಿದ್ದಾರೆ. ಅವಳು ಅತ್ತರು ಮಾರುವವಳ ವೇಷದಲ್ಲಿ ಊರೂರು ತಿರುಗಿ ಆ ಕೋಟೆಯನ್ನು ಹುಡುಕುತ್ತಾಳೆ. ಅತ್ತಿ ಆ ಹುಡುಗಿಯನ್ನು ನಮ್ಮ ಮನೆಯವಳೆಂದೇ ತಿಳಿದಿದ್ದಳು. ವಾರದ ನಡುವೆ ರೊಟ್ಟಿ ಬಡಿಯುತ್ತ, "ಈ ಬಿಸಲಾಗ ಆಕಿ ಎಲ್ಲಿ ನಡದಾಳೋ ಏನೋ," ಎಂದು ನಿಟ್ಟುಸಿರು ಬಿಡುತ್ತಿದ್ದಳು.

ಅದು ರಜಾಕಾರರ ಹೆಸರು ಕೇಳಿದರೆ ಬಾಗಿಲು ಹಾಕಿಕೊಳ್ಳುತ್ತಿದ್ದ ವರ್ಷ. ಓಣಿಯಲ್ಲಿ ಬೂಟಿನ ಸದ್ದಾದರೆ ಅಪ್ಪ ಓದು ನಿಲ್ಲಿಸುತ್ತಿದ್ದ, ಅವ್ವನ ಮೊರ ನಿಲ್ಲುತ್ತಿತ್ತು. ಸದ್ದು ದೂರ ಹೋದ ಮೇಲೆ ಅಪ್ಪ ಇನ್ನೂ ಸಣ್ಣ ದನಿಯಲ್ಲಿ ಮುಂದುವರಿಸುತ್ತಿದ್ದ. ಆಮೇಲೆ ಮಳೆಗಾಲದ ಕೊನೆಗೆ ಭಾರತದ ಸೈನ್ಯ ಬಂತು, ಕೆಲವೇ ದಿನಗಳಲ್ಲಿ ಎಲ್ಲ ಬದಲಾಯಿತು. ನಾವು ಇನ್ನು ಅಂಜುವುದು ಮುಗಿಯಿತೆಂದುಕೊಂಡೆವು. ಆದರೆ ಅಂಜಿಕೆ ನಮ್ಮ ಓಣಿಯಿಂದ ಪಕ್ಕದ ಓಣಿಗೆ ಹೋಯಿತು, ಅಷ್ಟೆ. ಅಲ್ಲಿಯ ಮನೆಗಳಿಗೆ ಒಂದೊಂದಾಗಿ ಬೀಗ ಬಿದ್ದವು. ಒಂದು ಬೆಳಿಗ್ಗೆ ಖಾದರ್ ಸಾಹೇಬರು ಹೆಂಡತಿ ಮಕ್ಕಳನ್ನು ಗಾಡಿಯಲ್ಲಿ ಕೂಡಿಸಿ ನಮ್ಮ ಬಾಗಿಲಿಗೆ ಬಂದರು. ವಾಡಿಗೆ ಹೋಗಿ ಹೈದರಾಬಾದಿನ ರೈಲು ಹಿಡಿಯುವವರಿದ್ದರು. ಗಡ್ಡ ಬೆಳೆದಿತ್ತು. ಟ್ರಂಕನ್ನು ತಾವೇ ಇಳಿಸಿ ಪಡಸಾಲೆಯಲ್ಲಿಟ್ಟರು. "ಅಮಾನತ್ ಅಂತ ಇಟ್ಕೋರಿ ಚನ್ನಬಸಪ್ಪ. ತಿರುಗಿ ಬಂದ್ರ ಒಯ್ತೀನಿ. ಬರಲಿಲ್ಲಂದ್ರ ಓದ್ಕೊಂಡು ಇರ್ರಿ," ಎಂದರು. ಅಪ್ಪ ಅವರ ಕೈ ಹಿಡಿದುಕೊಂಡ.

ಅದಾದ ನಾಲ್ಕಾರು ದಿನಕ್ಕೆ ಸುದ್ದಿ ಹಬ್ಬತೊಡಗಿತು. ಮನೆಮನೆ ಹುಡುಕುತ್ತಾರಂತೆ, ಉರ್ದು ಕಾಗದ ಸಿಕ್ಕವರನ್ನು ರಜಾಕಾರರ ಕಡೆಯವರೆಂದು ಹಿಡಿದು ಒಯ್ಯುತ್ತಾರಂತೆ. ಯಾರು ಹೇಳಿದರು, ಯಾರನ್ನು ಹಿಡಿದರು ಎಂದು ಒಬ್ಬರಿಗೂ ಗೊತ್ತಿರಲಿಲ್ಲ. ನಮ್ಮ ಮನೆಗೆ ಯಾರೂ ಬರಲೂ ಇಲ್ಲ. ಆದರೆ ಅಪ್ಪನ ಮುಖ ನೋಡಿದರೆ ನನಗೆ ಅಳು ಬರುತ್ತಿತ್ತು. ಊಟಕ್ಕೆ ಕೂತವನು ತುತ್ತು ಕೈಯಲ್ಲೇ ಹಿಡಿದು ಬಾಗಿಲು ನೋಡುತ್ತಿದ್ದ. ನಾವು ಅಂಜುತ್ತಿದ್ದ ಮನುಷ್ಯನೇ ಅಂಜಿದರೆ ಮನೆಯಲ್ಲಿ ಹಿಡಿದುಕೊಳ್ಳಲು ಏನೂ ಉಳಿಯುವುದಿಲ್ಲ. ಒಂದು ಮಧ್ಯಾಹ್ನ, ಅತ್ತಿ ಗುಡಿಗೆ ಹೋದ ಹೊತ್ತು ನೋಡಿ, ಅಪ್ಪನೂ ಅವ್ವನೂ ಹಿತ್ತಲ ಹಗೇವಿನ ಬಾಯಿ ತೆಗೆದರು. ಹಗೇವೆಂದರೆ ಜೋಳ ಕಾದಿಡುವ ನೆಲದೊಳಗಿನ ಕುಣಿ. ನಮ್ಮದು ಒಂದೂವರೆ ಆಳು ಆಳ, ಇಳಿಯಲಿಕ್ಕೆ ಗೋಡೆಯಲ್ಲಿ ಕಾಲಿಡುವ ಗೂಡುಗಳಿದ್ದವು. ಆ ವರ್ಷ ಅದರಲ್ಲಿ ಜೋಳವಿರಲಿಲ್ಲ, ತಳದಲ್ಲಿ ಹಳೆಯ ಹುಲ್ಲು ಮತ್ತು ಹೊಟ್ಟು ಮಾತ್ರ ಇತ್ತು. ಟ್ರಂಕನ್ನು ಅದರೊಳಗೆ ಇಳಿಸಿ, ಚಪ್ಪಡಿ ಮುಚ್ಚಿ, ಸಂದಿಗೆ ಮಣ್ಣು ಮೆತ್ತಿದರು. ಬಾಗಿಲ ಹಿಂದೆ ನಿಂತಿದ್ದ ನನ್ನನ್ನು ಅಪ್ಪ ಆಗ ನೋಡಿದ. ಹತ್ತಿರ ಕರೆದು ಎರಡೂ ತೋಳು ಹಿಡಿದು, "ಶಾಂತಾ, ಇದು ಯಾರಿಗೂ ಗೊತ್ತಾಗಬಾರದು. ಓಣ್ಯಾಗಿನ ಮಂದಿ ಒಬ್ಬರೂ ಈ ಹಿತ್ತಲಕ ಬರಬಾರದು. ಅತ್ತಿ ಮುಂದೂ ಬಾಯಿ ಬಿಡಬ್ಯಾಡ, ಆಕಿ ಬಾವಿ ಕಟ್ಟಿಮ್ಯಾಲ ಮಾತಾಡ್ತಾಳ. ಗೊತ್ತಾತಂದ್ರ ನಿಮ್ಮಪ್ಪನ್ನ ಒಯ್ತಾರ," ಎಂದ. ನನಗೆ ಆಗ ಒಂಬತ್ತು ವರ್ಷ.

ಅತ್ತಿಗೆ ಅವನು ಹೇಳಿದ್ದು, ಪುಸ್ತಕಗಳನ್ನು ಸಾಹೇಬರ ಸಂಬಂಧಿಕರು ಒಯ್ದರು ಎಂದು. ಕಥೆ ನಿಂತದ್ದು ಎಲ್ಲಿ ಗೊತ್ತೆ? ಆ ತಂಗಿ ಕೊನೆಗೂ ಕೋಟೆ ಹುಡುಕಿಕೊಂಡು ಬಂದು, ಅತ್ತರಿನ ಬುಟ್ಟಿ ಕೆಳಗಿಟ್ಟು, ಕದ ತಟ್ಟಿದ್ದಳು. ಅತ್ತಿ ಒಂದು ವರ್ಷ ಆ ಕದದ ಮುಂದೆಯೇ ಕೂತಳು. ಸೂಟಿ ಭಾನುವಾರಕ್ಕೆ ಬದಲಾಗಿತ್ತು. ಆದರೂ ಶುಕ್ರವಾರ ಊಟವಾದ ಮೇಲೆ ಅವಳು ಬತ್ತಿಯ ಅರಳೆ ಹಿಡಿದು ಅದೇ ಜಾಗದಲ್ಲಿ ಕೂಡುತ್ತಿದ್ದಳು. ಅಪ್ಪ ಕಚೇರಿಯಲ್ಲಿರುತ್ತಿದ್ದ. "ಶಾಂತಾ, ಯಾರರ ಕದಾ ತೆಗದಿರಬೇಕಲ್ಲ ಆಕಿಗೆ?" ಎಂದು ನನ್ನನ್ನು ಕೇಳುತ್ತಿದ್ದಳು. ನಾನು ಎದ್ದು ಹೋಗುತ್ತಿದ್ದೆ. ಹೋಗುವಾಗ ಹಿತ್ತಲ ಕಡೆ ನೋಡಬಾರದೆಂದು ಕತ್ತು ಬಿಗಿ ಹಿಡಿಯುತ್ತಿದ್ದೆ.

ಮುಂದಿನ ಮಳೆಗಾಲ ಮುಗಿದಾಗ ಸುದ್ದಿಗಳೂ ತಣ್ಣಗಾಗಿದ್ದವು. ಅವ್ವ ತವರಿಗೆಂದು ಕಾಳಗಿಗೆ ಹೋಗಿದ್ದ ವಾರ ಅತ್ತಿ ಮತ್ತೆ ಅದೇ ಪ್ರಶ್ನೆ ಕೇಳಿದಳು. ಯಾಕೋ ಅವತ್ತು ನನಗೆ ತಡೆಯಲಾಗಲಿಲ್ಲ. "ಪುಸ್ತಕ ಯಾರೂ ಒಯ್ದಿಲ್ಲತ್ತಿ, ಹಗೇವಿನಾಗ ಅದ," ಎಂದುಬಿಟ್ಟೆ. ಸಿಟ್ಟಾಗುತ್ತಾಳೆಂದುಕೊಂಡೆ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದು, "ತಗದು ಅವನ ಕೈಯಾಗ ಇಡ್ತೀನಿ. ಆಮ್ಯಾಲ ಹ್ಯಾಂಗ ಓದಂಗಿಲ್ಲ ನೋಡ್ತೀನಿ," ಎಂದಳು. ಇಬ್ಬರೂ ಹಾರೆ ಹಾಕಿ ಮೀಟಿ ಚಪ್ಪಡಿ ಸರಿಸಿದೆವು. ಮುಚ್ಚಿದ ಹಗೇವನ್ನು ತೆಗೆದೊಡನೆ ಇಳಿಯಬಾರದು, ಕೆಟ್ಟ ಗಾಳಿ ಹೋಗುವ ತನಕ ಅರ್ಧ ದಿನ ತೆರೆದಿಡಬೇಕು, ದೀಪ ಇಳಿಸಿ ನೋಡಬೇಕು ಎಂದು ಅತ್ತಿಗೆ ಗೊತ್ತಿತ್ತು. "ಖಾಲಿದು, ಜ್ವಾಳ ಇಲ್ಲ. ಏನಾಗ್ತದ," ಎಂದಳು. ತಮ್ಮ ಕಚೇರಿಯಿಂದ ಬರುವುದರೊಳಗೆ ಮುಗಿಸಬೇಕೆಂಬ ಅವಸರ ಅವಳಿಗೆ. ತಳದ ಹುಲ್ಲು ಮಳೆನೀರು ಬಸಿದು ವರ್ಷವಿಡೀ ಕೊಳೆತಿದ್ದು ನಮಗೆ ತಿಳಿಯಲಿಲ್ಲ.

ಗೂಡಿನಲ್ಲಿ ಕಾಲಿಡುತ್ತ ಇಳಿದಳು. ಟ್ರಂಕಿನ ಚಿಲಕದ ಸದ್ದು ಬಂತು. "ಸಿಕ್ಕಿತು," ಎಂದಳು. ಸ್ವಲ್ಪ ತಡೆದು, "ಏನೋ ಹುಳಿ ವಾಸನಿ ಹೊಡೀಲಿಕತ್ತದ," ಎಂದಳು. ಆಮೇಲೆ ಏನೋ ಮೆತ್ತಗೆ ಬಿದ್ದ ಸದ್ದು. ಅತ್ತೀ ಎಂದೆ. ಮತ್ತೆ ಕರೆದೆ. ಬಾಯಿಗೆ ಬಗ್ಗಿದರೆ ಕತ್ತಲೆಯಲ್ಲಿ ಅವಳ ಬಿಳಿ ಸೀರೆ ಮಾತ್ರ ಕಂಡಿತು, ಅದು ಅಲುಗುತ್ತಿರಲಿಲ್ಲ.

ಈಗ ಹೇಳಬೇಕಾದದ್ದನ್ನು ನಾನು ಗಂಡನಿಗೂ ಹೇಳಿರಲಿಲ್ಲ. ನಾನು ಕೂಗಲಿಲ್ಲ. ಓಡಲಿಲ್ಲ. ಆ ಬಾಯಿಯ ಅಂಚಿಗೆ ನಿಂತುಬಿಟ್ಟೆ. ಕೂಗಿದರೆ ಓಣಿಯೆಲ್ಲ ಸೇರುತ್ತದೆ, ಟ್ರಂಕು ನೋಡುತ್ತದೆ, ಅಪ್ಪನನ್ನು ಒಯ್ಯುತ್ತಾರೆ. ಕೂಗದಿದ್ದರೆ ಅತ್ತಿ. ಈ ಎರಡರ ನಡುವೆ ನನ್ನ ಕಾಲು ನೆಲಕ್ಕೆ ಅಂಟಿಹೋಯಿತು. ಎಷ್ಟು ಹೊತ್ತು ನಿಂತೆನೋ ತಿಳಿಯದು. ಬೇವಿನ ಮರದ ಮೇಲೆ ಒಂದು ಕಾಗೆ ಬಂದು ಕೂತು ಕೊಕ್ಕು ಒರೆಸಿ ಹಾರಿಹೋದದ್ದು ನೆನಪಿದೆ. ಅದು ಹಾರಿದ ಮೇಲೆ ನನ್ನ ಕಾಲು ಎದ್ದವು.

ಹಿತ್ತಲಿಗೆ ಹೊಂದಿ ಮರೆಪ್ಪನ ಮನೆ. ಕಾಗಿಣಾ ಹೊಳೆಯಲ್ಲಿ ಹರಿಗೋಲು ಹಾಕುತ್ತಿದ್ದ ಮನೆತನ, ಅವನು ಹೊಲದ ಕೆಲಸವನ್ನೂ ಮಾಡುತ್ತಿದ್ದ. ನನ್ನ ಬಾಯಿಂದ "ಅತ್ತಿ, ಹಗೇವು" ಎಂಬೆರಡೇ ಮಾತು ಬಂದವು. ಅವನು ಹರಿಗೋಲಿನ ಹಗ್ಗ ಹೆಗಲಿಗೆ ಹಾಕಿಕೊಂಡು, ಕೌದಿಯೊಂದನ್ನು ಎಳೆದುಕೊಂಡು ಓಡಿ ಬಂದ. ಅವನ ಹೆಂಡತಿಯೂ ಬಂದಳು. ಕೌದಿಯನ್ನು ಹಗೇವಿನೊಳಗೆ ಬಿಟ್ಟು ಮೇಲೆ ಕೆಳಗೆ ಜಗ್ಗಿ ಜಗ್ಗಿ ಗಾಳಿ ಎಬ್ಬಿಸಿದ. ಟವಲು ನೆನೆಸಿ ಮುಖಕ್ಕೆ ಸುತ್ತಿಕೊಂಡು ಹಗ್ಗದ ಒಂದು ತುದಿಯನ್ನು ತನ್ನ ಸೊಂಟಕ್ಕೂ ಇನ್ನೊಂದನ್ನು ಬೇವಿನ ಬುಡಕ್ಕೂ ಕಟ್ಟಿದ. "ಜಗ್ಗು ಅಂದಾಗ ಜಗ್ಗರಿ, ಹೆದರಬ್ಯಾಡ್ರಿ," ಎಂದು ಹೊಳೆಗೆ ಮುಳುಗುವವನ ಹಾಗೆ ಉಸಿರು ತುಂಬಿಕೊಂಡು ಇಳಿದ. ಎರಡು ಸಲ ಇಳಿದು ಎರಡು ಸಲ ಬರಿಗೈಯಲ್ಲಿ ಕೆಮ್ಮುತ್ತ ಮೇಲೆ ಬಂದ. ಮೂರನೆಯ ಸಲ ಅತ್ತಿ ಬಂದಳು. ತುಟಿ ನೇರಳೆಯಾಗಿದ್ದವು. ಬಲಗೈ ಬೆರಳು ಒಂದು ಪುಸ್ತಕವನ್ನು ಹಿಡಿದು ಸೆಟೆದಿದ್ದವು. ಮರೆಪ್ಪನ ಹೆಂಡತಿ ಮುಖಕ್ಕೆ ನೀರು ಹೊಡೆದು, ಎದೆ ತಿಕ್ಕಿ, ಬೋರಲು ಹಾಕಿ ಬೆನ್ನು ತಟ್ಟಿದಳು. ಬಹಳ ಹೊತ್ತಿನ ಮೇಲೆ ಅತ್ತಿ ವಾಂತಿ ಮಾಡಿಕೊಂಡು ಉಸಿರೆಳೆದಳು.

ಅಷ್ಟರಲ್ಲಿ ನಾಲ್ಕು ಮಂದಿ ಹಿತ್ತಲ ಬಾಗಿಲಿಗೆ ಬಂದಿದ್ದರು. ಮರೆಪ್ಪ ಒಮ್ಮೆ ಹಗೇವಿನೊಳಗೆ ನೋಡಿದ, ಒಮ್ಮೆ ನನ್ನ ಮುಖ ನೋಡಿದ. ಪುಸ್ತಕವನ್ನು ಅತ್ತಿಯ ಬೆರಳಿನಿಂದ ಬಿಡಿಸಿ ನನ್ನ ಲಂಗದ ಮಡಿಲಿಗೆ ಹಾಕಿ, ಚಪ್ಪಡಿಯನ್ನು ಕಾಲಿನಿಂದ ತಳ್ಳಿ ಮುಚ್ಚಿದ. "ಕೊಡಾ ಬಿದ್ದಿತ್ತಂತ್ರೀ, ತೆಗೀಲಿಕ್ಕೆ ಇಳದಿದ್ರಂತ. ಈಗ ಆರಾಮ ಅದ, ಗಾಳಿ ಬಿಡ್ರಿ," ಎಂದ. ಆ ಮನುಷ್ಯ ಆ ಟ್ರಂಕಿನ ಮಾತನ್ನು ಸಾಯುವ ತನಕ ಎತ್ತಲಿಲ್ಲ.

ಅಪ್ಪ ಬಂದಾಗ ನಾನು ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತಿದ್ದೆ. ಹೊಡೆಯುತ್ತಾನೆಂದು ಬೆನ್ನು ಬಿಗಿ ಮಾಡಿಕೊಂಡಿದ್ದೆ. ಅವನು ನನ್ನ ಕಡೆ ಬರಲಿಲ್ಲ. ಅಕ್ಕನ ತಲೆದೆಸೆಯಲ್ಲಿ ಕೂತು ಆ ಪುಸ್ತಕ ಬಿಡಿಸಲು ನೋಡಿದ. ಹಾಳೆಗಳು ಒಂದಕ್ಕೊಂದು ಅಂಟಿ ಒಂದೇ ಗಡ್ಡೆಯಾಗಿದ್ದವು, ಮಸಿ ಹರಿದು ನೀಲಿ ಕಲೆಯಷ್ಟೇ ಉಳಿದಿತ್ತು. ಮರುದಿನ ಅವನೇ ಟ್ರಂಕು ತೆಗೆಸಿದ. ಒಂದೂ ಓದುವಂತೆ ಉಳಿದಿರಲಿಲ್ಲ. ಅತ್ತಿ ಎರಡು ದಿನ ಮಾತಾಡಲಿಲ್ಲ, ಮಾಳಿಗೆ ನೋಡುತ್ತ ಮಲಗಿದ್ದಳು. ಬುದ್ಧಿ ಹೋಯಿತೇನೋ ಎಂದು ಕಾಳಗಿಯಿಂದ ಓಡಿ ಬಂದ ಅವ್ವ ಅಡುಗೆಮನೆಯಲ್ಲಿ ಅಳುತ್ತಿದ್ದಳು. ಮೂರನೆಯ ದಿನ ಅಪ್ಪ ಅವಳ ಪಕ್ಕ ಕೂತ. "ಅಕ್ಕಾ, ಮುಂದಿಂದು ನಾ ಮೊದಲೇ ಓದಿ ಇಟ್ಟಿದ್ದೆ. ಹೇಳ್ತೀನಿ ಕೇಳು," ಎಂದ. ಕದ ತೆಗೆಯಿತಂತೆ, ಅಣ್ಣನೇ ಬಂದನಂತೆ, ಕಾವಲಿನವರು ನಿದ್ದೆ ಹೋಗಿದ್ದರಂತೆ, ಇಬ್ಬರೂ ಕುದುರೆ ಹತ್ತಿ ಮನೆಗೆ ಬಂದು ಸುಖವಾಗಿದ್ದರಂತೆ. ಅಪ್ಪ ಗೋಡೆ ನೋಡುತ್ತ ಒಂದೇ ಸಮನೆ ಹೇಳಿದ. ಅತ್ತಿಯ ಕಣ್ಣಂಚಿನಿಂದ ನೀರು ಕಿವಿಗೆ ಇಳಿಯಿತು. "ಛಲೋ ಆತು ತಮ್ಮಾ," ಎಂದಳು. ಅದು ಅವಳ ಮೊದಲ ಮಾತು.

ಅತ್ತಿ ಎದ್ದು ಓಡಾಡತೊಡಗಿದಳು. ಆದರೆ ಬಾಗಿಲು ಮುಚ್ಚಿದ ಕೋಣೆಯಲ್ಲಿ ಆಮೇಲೆ ಅವಳು ಒಂದು ಗಳಿಗೆಯೂ ಇರಲಿಲ್ಲ. ಚಳಿಯಿರಲಿ, ಮಳೆಯಿರಲಿ, ಹೊಸ್ತಿಲ ಬಳಿಯೇ ಹಾಸಿಕೊಳ್ಳುತ್ತಿದ್ದಳು. ಅಪ್ಪನಿಗೆ ಬೇರೊಂದು ಅಂಜಿಕೆ ಶುರುವಾಯಿತು. ಬಾಗಿಲಲ್ಲಿ ಯಾರಾದರೂ "ಚನ್ನಬಸಪ್ಪ" ಎಂದರೆ ಬೆಚ್ಚುತ್ತಿದ್ದ. ಖಾದರ್ ಸಾಹೇಬರು ಬಂದು, ನಂಬಿ ಇಟ್ಟುಹೋದ ಅಮಾನತ್ ಕೇಳಿದರೆ ಏನು ಹೇಳುವುದೆಂಬುದು ಅವನನ್ನು ಒಳಗೇ ತಿನ್ನುತ್ತಿತ್ತು. ಎರಡು ವರ್ಷದ ಮೇಲೆ ಒಂದು ಭಾನುವಾರ ಅವರು ಬಂದೇ ಬಂದರು. ಮನೆ ಮಾರಿ ಪೂರ್ತಿಯಾಗಿ ಹೋಗಲು ಬಂದಿದ್ದರು. ತೆಳ್ಳಗಾಗಿದ್ದರು, ಗಡ್ಡ ಬೆಳ್ಳಗಾಗಿತ್ತು. ಅಪ್ಪ ಅವರ ಮುಂದೆ ಟ್ರಂಕು ತಂದಿಟ್ಟು, ನಿಂತುಕೊಂಡೇ ಎಲ್ಲ ಹೇಳಿದ. ತಪ್ಪು ಮಾಡಿದ ಹುಡುಗನ ಹಾಗೆ ನಿಂತ ಅಪ್ಪನನ್ನು ನಾನು ಅಂದೊಮ್ಮೆ ಮಾತ್ರ ನೋಡಿದ್ದು. ಸಾಹೇಬರು ಮುಚ್ಚಳ ತೆಗೆದು ಒಂದು ಗಡ್ಡೆಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ ಮೆಲ್ಲಗೆ ಇಟ್ಟರು. "ಕಿತಾಬ್ ಹೋದ್ರ ಹೋಗ್ಲಿ ಚನ್ನಬಸಪ್ಪ. ಅಕ್ಕೋರು ಉಳದ್ರಲ್ಲ," ಎಂದರು. ಆಮೇಲೆ ಬಾಗಿಲ ಮರೆಯಲ್ಲಿ ಕೂತಿದ್ದ ಅತ್ತಿಗೆ ಕೇಳುವಂತೆ, "ಅಕ್ಕಾ, ಕಥಿ ಎಲ್ಲಿ ನಿಂತಿತ್ತು?" ಎಂದು ಕೇಳಿದರು.

ಅಪ್ಪನ ಮುಖ ಬಿಳಿಚಿಕೊಂಡಿತು. ಅತ್ತಿ, "ಕದಾ ಬಡದಿದ್ದಳ್ರೀ," ಎಂದಳು. ಸಾಹೇಬರು ತಮ್ಮ ದಖನಿ ಬೆರೆತ ಕನ್ನಡದಲ್ಲಿ ಹೇಳಿದರು. ಕದ ತೆಗೆದವನು ಅಣ್ಣನೇ. ಆದರೆ ಸೆರೆಯಲ್ಲಿದ್ದು ಇದ್ದು ಅವನಿಗೆ ತಂಗಿಯ ಗುರುತು ಹೋಗಿತ್ತು. ಹೆಸರು ಹೇಳಿದರೆ ಪಕ್ಕದಲ್ಲಿದ್ದ ಕಾವಲಿನವರು ಇಬ್ಬರನ್ನೂ ಕೊಲ್ಲುತ್ತಾರೆ. ಅವಳು ಅವನ ಅಂಗೈಗೆ ಒಂದು ತೊಟ್ಟು ಅತ್ತರು ಹಚ್ಚಿ, ಬುಟ್ಟಿ ಎತ್ತಿಕೊಂಡು ಹಿಂದೆ ನೋಡದೆ ಹೋದಳು. ಅಷ್ಟೇ ಕಥೆ. ಆಗ ಬಾಗಿಲ ಮರೆಯಿಂದ ಅತ್ತಿಯ ದನಿ ಬಂತು: "ಹೌದ್ರೀ ಸಾಹೇಬ. ನಮ್ಮ ತಮ್ಮನೂ ಹಿಂಗೇ ಹೇಳಿದ್ದ."

ಸಾಹೇಬರು ಹೋದ ಮೇಲೆ ಅಪ್ಪ ಬಂದು ಅಕ್ಕನ ಎದುರು ಕುಕ್ಕರಗಾಲಲ್ಲಿ ಕೂತ. "ನಿನಗ ಮೊದಲೇ ಗೊತ್ತಿತ್ತೇನು?" ಎಂದ. "ಓದೂವಾಗ ನೀ ಮಾತಿಗೊಮ್ಮೆ ತಡೀತಿದ್ದಿ. ಅವತ್ತು ಒಮ್ಮೆನೂ ತಡೀಲಿಲ್ಲ," ಎಂದಳು ಅತ್ತಿ. ಅಪ್ಪ ಮುಖ ಮುಚ್ಚಿಕೊಂಡ. ಅವನು ಅತ್ತನೋ ನಕ್ಕನೋ ನನಗೆ ಕಾಣಲಿಲ್ಲ.

ಹೈದರಾಬಾದ್ ರಾಜ್ಯ ಒಡೆದು ನಾವು ಮೈಸೂರಿಗೆ ಸೇರಿದ ವರ್ಷ ಅತ್ತಿ ಹಾಸಿಗೆ ಹಿಡಿದಳು. ನನಗೆ ಹದಿನೇಳು, ಮದುವೆ ಗೊತ್ತಾಗಿತ್ತು. ಹೊಸ್ತಿಲ ಬಳಿ ಅವಳ ಕಾಲು ಒತ್ತುತ್ತ ಒಂದು ಸಂಜೆ, ಏಳು ವರ್ಷ ಗಂಟಲಲ್ಲಿ ಇಟ್ಟುಕೊಂಡಿದ್ದನ್ನು ಹೇಳಿದೆ. ನಾನು ಕೂಗಲಿಲ್ಲ ಅತ್ತಿ, ಸುಮ್ಮನೆ ನಿಂತಿದ್ದೆ ಎಂದೆ. ಅತ್ತಿ ನನ್ನ ಕೈಯನ್ನು ಹುಡುಕಿ ಹಿಡಿದುಕೊಂಡಳು. "ನನಗ ಕಾಣತಿತ್ತವ್ವ. ಕೈಕಾಲು ಬಿದ್ದಿದ್ದವು, ಕಣ್ಣು ತೆರದಿತ್ತು. ಮ್ಯಾಲ ಬೆಳಕಿನಾಗ ನಿನ್ನ ಎರಡು ಪಾದ. ಅವು ಅಲ್ಲೇ ಇದ್ದವು, ಅದಕ್ಕ ನನಗ ಅಂಜಿಕಿ ಆಗ್ಲಿಲ್ಲ. ಅವು ಹೋದವು ನೋಡು, ಆಗ ಆತು."

ಆ ಚಳಿಗಾಲ ಕಳೆಯುವುದರೊಳಗೆ ಅವಳು ಹೋದಳು. ಅಪ್ಪ ಅದಾದ ಮೇಲೆ ಎರಡು ವರ್ಷ ಕಚೇರಿಗೆ ಹೋಗಿ ಬಂದ. ಸೂಟಿಯ ಮಧ್ಯಾಹ್ನಗಳಲ್ಲಿ ಅವನು ಮಲಗುವುದನ್ನು ಕಲಿತುಕೊಂಡನೆಂದು ಅವ್ವ ನನಗೆ ಬರೆಸಿದ ಪತ್ರದಲ್ಲಿತ್ತು. ಖಾದರ್ ಸಾಹೇಬರ ಸುದ್ದಿ ಮತ್ತೆ ಬರಲಿಲ್ಲ. ಅಪ್ಪ ಅವ್ವ ಇಬ್ಬರೂ ಇಲ್ಲವಾದ ಮೇಲೆ ಮನೆಯನ್ನು ಕೊಂಡವರು ಕೆಡವಿದರು. ಮಾಳಿಗೆಯ ಕಲ್ಲುಗಳನ್ನು ಗಾಡಿಗಳಲ್ಲಿ ಹೇರಿ ಭಂಕೂರ ಕಡೆ ಒಯ್ದರೆಂದು ಕೇಳಿದೆ. ಯಾವ ಯಾವ ಮನೆಯಲ್ಲಿ ಅವು ಈಗ ನೆಲವಾಗಿವೆಯೋ, ಯಾರು ಅವುಗಳ ಮೇಲೆ ನೀರು ಚಿಮುಕಿಸುತ್ತಾರೋ ನನಗೆ ತಿಳಿಯದು. ಅತ್ತಿಯ ಒಂದು ಪಟವೂ ನಮ್ಮಲ್ಲಿಲ್ಲ. ಅವಳ ಮುಖ ಬಲ್ಲವರಲ್ಲಿ ಉಳಿದವಳು ನಾನೊಬ್ಬಳೇ. ಈಚೆಗೆ ಅದೂ ಮಸುಕಾಗುತ್ತಿದೆ; ಕಣ್ಣು ಮುಚ್ಚಿದರೆ ಮೂಗು, ಹಣೆ, ವಿಭೂತಿ ಬೇರೆ ಬೇರೆಯಾಗಿ ಬರುತ್ತವೆ, ಒಟ್ಟಿಗೆ ಬರುವುದಿಲ್ಲ.